ಭಕಾರಕ್ಕಿಷ್ಟು ಗಾಳಿ

ಬೋರ್ಡು ಕಂಡರೆ ಓದಿ ಸುಮ್ಮನೆ ಮುಂದೆ ಹೋಗುವ ಜಾತಿ ನನ್ನದಲ್ಲ. ನನಗೆ ಮುಟ್ಟಿ ನೋಡಬೇಕು. ಅದರಲ್ಲೂ ದಪ್ಪಗೆ, ಉದ್ದಕ್ಕೆ, ಒಂದಕ್ಕೊಂದು ಹೆಗಲು ತಾಗಿಸಿಕೊಂಡು ನಿಂತ ಅಕ್ಷರಗಳು ಸಿಕ್ಕಿದರೆ ಮುಗಿಯಿತು, ನನ್ನ ಕಿರುಬೆರಳು ತಾನಾಗಿಯೇ ಎದ್ದು ಎರಡು ಗೀಟುಗಳ ನಡುವಿನ ಸಂದಿಗೆ ಹೋಗಿಬಿಡುತ್ತದೆ. ಹೋದ ವಾರ ಮೈಸೂರಿನ ನಮ್ಮ ಬೀದಿಯ ಬೇಕರಿಯವನು ಹೊಸ ಬೋರ್ಡನ್ನು ಫುಟ್‌ಪಾತಿನ ಮೇಲೆ ಒರಗಿಸಿಟ್ಟಿದ್ದ. ಕೆಂಪು ಅಕ್ಷರಗಳು, ನೋಡಿದರೆ ತಿನ್ನಬೇಕು ಅನ್ನಿಸುವಂತಿದ್ದವು. ನಾನು ಬಗ್ಗಿ ಬೆರಳಿಟ್ಟೆ.

"ಅಮ್ಮಾ, ಪೇಂಟ್ ಇನ್ನೂ ಹಸಿ ಇದೆ!" ಎಂದು ಒಳಗಿಂದ ಕೂಗು ಬಂತು. ಅಷ್ಟರಲ್ಲಿ ಬೆರಳು ಕೆಂಪಾಗಿತ್ತು. ಮನೆಗೆ ಬಂದರೆ ನನ್ನ ಗಂಡ ಮೋಹನ ಪೇಪರಿನಿಂದ ತಲೆಯೆತ್ತಿ ನೋಡಿ, "ಇವತ್ತು ಯಾವ ಅಕ್ಷರದ ಹೊಟ್ಟೆಗೆ ಕೈ ಹಾಕಿದೆ?" ಎಂದರು. ಗಾಯವೇನೋ ಎಂದು ಕೇಳಲೂ ಇಲ್ಲ. ಅಷ್ಟು ಅಭ್ಯಾಸವಾಗಿದೆ ಅವರಿಗೆ.

ಈ ಚಾಳಿ ನನಗೆ ಹತ್ತಿದ್ದು ನೆದರ್ಲೆಂಡ್ಸಿನಲ್ಲಿ. ಟ್ಯುಲಿಪ್ ನೋಡಿ ಬಂದೆ, ಗಾಳಿಯಂತ್ರ ನೋಡಿ ಬಂದೆ ಎಂದು ಹೇಳಿಕೊಳ್ಳಬೇಕಾದ ಜಾಗದಿಂದ ನಾನು ಹೊತ್ತು ತಂದದ್ದು ಇದನ್ನು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೋಹನ ಕೆಲಸ ಮಾಡುತ್ತಿದ್ದದ್ದು ರೈಸ್‌ವೈಕಿನ ಒಂದು ಆಫೀಸಿನಲ್ಲಿ. ಇಸವಿಯ ಕೊನೆಯ ಎರಡು ಸೊನ್ನೆ ಕಂಡರೆ ಕಂಪ್ಯೂಟರುಗಳು ತಲೆತಿರುಗಿ ಬೀಳುತ್ತವೆಂದು ಲೋಕವೆಲ್ಲ ಹೆದರಿದ್ದ ಕಾಲವದು, ಅವನ್ನು ಬೀಳದಂತೆ ಹಿಡಿದುಕೊಳ್ಳುವ ಕೆಲಸ ಅವರದು. ನಮ್ಮ ಮನೆ ಪಕ್ಕದೂರಾದ ವೂರ್‌ಬರ್ಗ್‌ನಲ್ಲಿ. ನಾನು ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಏಳು ವರ್ಷ ಪುಟ ಕಟ್ಟಿದವಳು, ತಲೆಬರಹಗಳನ್ನು ಕೈಯಲ್ಲೇ ಬರೆದವಳು. ಅಲ್ಲಿ ನನ್ನ ಪಾಸ್‌ಪೋರ್ಟಿಗೆ ಅಂಟಿಸಿದ ಚೀಟಿಯಲ್ಲಿ 'ಆರ್ಬೈಟ್ ನೀಟ್ ಟೂಖೆಸ್ಟಾನ್' ಎಂದಿತ್ತು. ಕೆಲಸ ಮಾಡುವಂತಿಲ್ಲ. ನಾನು ಕಲಿತ ಮೊದಲ ಪೂರ್ತಿ ಡಚ್ ವಾಕ್ಯ ಅದೇ. ಬೆಳಿಗ್ಗೆ ಆರು ವರ್ಷದ ಮಗಳು ಪಲ್ಲವಿಯನ್ನು ಶಾಲೆಗೆ ಬಿಟ್ಟು ಬಂದರೆ ಮಧ್ಯಾಹ್ನದವರೆಗೆ ನನಗೂ ಕಿಟಕಿಗೂ ಮಾತುಕತೆ. ಬರೆಯುವುದಕ್ಕೆ ಏನೂ ಇಲ್ಲದೆ ಸಾರಿನ ಪುಡಿ ಡಬ್ಬಿಗೂ ಮೆಂತ್ಯದ ಡಬ್ಬಿಗೂ ಚಂದದ ಲೇಬಲ್ ಬರೆದು ಅಂಟಿಸಿದ್ದೆ. ಉಪ್ಪಿನ ಡಬ್ಬಿಗೆ ಮೂರು ಸಲ.

ಇಂಥ ಒಂದು ಬೆಳಿಗ್ಗೆ, ಶಾಲೆಯಿಂದ ವಾಪಸ್ಸು ಬರುವಾಗ, ಸಂತೆಯ ಮೂಲೆಯ ಅಂಗಡಿಯ ಮೇಲೆ ಒಂದು ಪೋಸ್ಟರು ಕಂಡಿತು. ಒಂದೇ ಪದ. ಅಕ್ಷರಗಳು ನನ್ನ ಮೊಳಕೈಯಷ್ಟು ಎತ್ತರ, ಅಗಲ ಮಾತ್ರ ನಾಲ್ಕು ಬೆರಳು. ಕಡುಕಪ್ಪು. ಮೊದಲನೆಯ ಎಚ್ ಎರಡು ಕಂಬ ನೆಟ್ಟು ನಡುವೆ ಒಂದು ಗೇಣುದ್ದವೂ ಇಲ್ಲದ ತೊಲೆ ಇಟ್ಟ ಹಾಗಿತ್ತು. ಆರ್ ಎಂಬ ಅಕ್ಷರಕ್ಕೆ ಸಾಮಾನ್ಯವಾಗಿ ಕಾಲು ಚಾಚುವ ಚಟ. ಇಲ್ಲಿ ಚಾಚಲು ಜಾಗವೆಲ್ಲಿ? ತುಂಬಿದ ಸಿಟಿ ಬಸ್ಸಿನಲ್ಲಿ ನಿಂತ ಮರ್ಯಾದಸ್ಥನಂತೆ ಕಾಲನ್ನು ನೇರ ಕೆಳಗಿಳಿಸಿಕೊಂಡು ನಿಂತಿತ್ತು. ಅಷ್ಟು ಕಪ್ಪಿನ ನಡುವೆ ಬಿಟ್ಟ ಬಿಳಿ ಚಾಕುವಿನ ಅಲಗಿನಷ್ಟು, ಆದರೂ ಒಂದು ಅಕ್ಷರವೂ ಉಸಿರುಕಟ್ಟಿದ ಹಾಗೆ ಕಾಣುತ್ತಿರಲಿಲ್ಲ. ರಸ್ತೆಯ ಆಚೆ ಬದಿಯಿಂದ ನೋಡಿದೆ. ಇನ್ನೂ ಆಚೆಯ ಸೇತುವೆಯ ಮೇಲೆ ಹೋಗಿ ನೋಡಿದೆ. ಅಲ್ಲಿಂದಲೂ ಹೆಸರು ಹಿಡಿದು ಕರೆದ ಹಾಗೆ ಕೇಳಿಸುತ್ತಿತ್ತು.

ಅಂಗಡಿಯವನನ್ನು ಕೇಳಿ ಇನ್ನೊಂದು ಪ್ರತಿ ಇಸಿದುಕೊಂಡು ಬಂದು ನಡುಮನೆಯ ಗೋಡೆಗೆ ಅಂಟಿಸಿದೆ. ಸಂಜೆ ಮೋಹನ ಬಂದು ಶೂ ಬಿಚ್ಚುತ್ತ ತಲೆಯೆತ್ತಿದವರು ಒಂದು ಕಾಲಿನ ಶೂನಲ್ಲೇ ನಿಂತುಬಿಟ್ಟರು.

"ಶಶೀ, ಇದೇನು ಅಂತ ಗೊತ್ತಾ ನಿಂಗೆ?"

"ಎಷ್ಟು ಚೆನ್ನಾಗಿದೆ ಅಲ್ವಾ?"

"ಹಾರಿಂಗ್ ಅಂದ್ರೆ ಮೀನು ಕಣೇ. ಹಸಿ ಮೀನು. ಬಾಲ ಹಿಡ್ಕೊಂಡು ಬಾಯೊಳಗೆ ಬಿಟ್ಕೋತಾರಲ್ಲ, ಅದು. ನಮ್ಮನೇಲಿ ಬೆಳ್ಳುಳ್ಳಿಗೇ ಜಾಗ ಇಲ್ಲ, ದೇವರ ಫೋಟೋ ಪಕ್ಕ ಮೀನು ಹಾಕಿದೀಯಲ್ಲ!"

ಪಲ್ಲವಿ ಡಚ್ಚಿನಲ್ಲಿ ಏನೋ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪೋಸ್ಟರನ್ನು ಮಲಗುವ ಕೋಣೆಗೆ ಸಾಗಿಸಿದೆ, ತೆಗೆಯಲಿಲ್ಲ. ತೆಗೆದು ಅಂಟಿಸುವಾಗಲೇ ಕಣ್ಣಿಗೆ ಬಿದ್ದದ್ದು, ಕೆಳಗಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಕನ ಹೆಸರು, ವಿಳಾಸ. ರೈಸ್‌ವೈಕ್‌ನದೇ. ಮರುದಿನವೇ ಹೊರಟೆ.

ಕಾಲುವೆಯ ಪಕ್ಕದ ಒಂದು ಉದ್ದ ಶೆಡ್ಡು. ಬಾಗಿಲು ತೆರೆದವರು ಎಪ್ಪತ್ತು ದಾಟಿದ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ, ಒಂದು ಹಿಡಿ ಮಾಂಸವಿಲ್ಲದ ಮುದುಕರು. ಹೆಸರು ಆರಿ. ಶಾಯಿ ಒಣಗಲೆಂದು ಜೀವಮಾನವೆಲ್ಲ ಕಾದ ಮನುಷ್ಯನಿಗೆ ಆರಿ ಎಂದು ಹೆಸರಿಟ್ಟ ಪುಣ್ಯಾತ್ಮರು ಕನ್ನಡಿಗರೇ ಇರಬೇಕು ಅಂದುಕೊಂಡೆ. ನಾನೋ, ಶಾಲೆಯಲ್ಲಿದ್ದಾಗಲೇ ಮೇಷ್ಟರಿಂದ 'ನೀನೂ ನಿನ್ನ ಅಕ್ಷರವೂ ಒಂದೇ ಅಚ್ಚಿನ ಲಾಡು' ಎನ್ನಿಸಿಕೊಂಡವಳು. ಅವರು ಬರೀ ಉದ್ದ, ನಾನು ಬರೀ ದಪ್ಪ. ಇಬ್ಬರನ್ನೂ ಸೇರಿಸಿದರೆ ಗೋಡೆಯ ಮೇಲಿನ ಆ ಅಕ್ಷರ ಆಗುತ್ತಿತ್ತು.

"ಹಾರಿಂಗ್," ಎಂದೆ, ಬೇರೇನು ಹೇಳಲೂ ತೋಚದೆ.

"ಮೀನು ಇಲ್ಲಿ ಸಿಗೋದಿಲ್ಲ, ಮೆಫ್ರೌ," ಎಂದರು ಇಂಗ್ಲಿಷಿನಲ್ಲಿ. ಮೆಫ್ರೌ ಎಂದರೆ ಅಮ್ಮಾವ್ರೇ ಎಂದ ಹಾಗೆ.

"ಮೀನು ಬೇಡ. ಅಕ್ಷರ."

ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಒಳಗೆ ಗೋಡೆಯುದ್ದಕ್ಕೂ ಚಪ್ಪಟೆ ಸೆಳೆಖಾನೆಗಳು. ಒಂದನ್ನು ಎಳೆದರು. ಮರದ ಅಚ್ಚುಗಳು ನೂರು ವರ್ಷ ಶಾಯಿ ಕುಡಿದು ಎಣ್ಣೆಗಂಬದ ಬಣ್ಣಕ್ಕೆ ತಿರುಗಿದ್ದವು. ಎಲ್ಲವೂ ಕನ್ನಡಿಯ ಬಿಂಬದ ಹಾಗೆ ಎಡಬಲ ತಿರುಗಿದ ಅಕ್ಷರಗಳು. ಅವರಪ್ಪನ ಕಾಲದವು. ಜನ ಈಗಲೂ ಬಂದು ಕೇಳುತ್ತಾರಂತೆ, ನನ್ನ ಹೆಸರಿನ ಮೊದಲಕ್ಷರ ಕೊಡಿ, ಶೋಕೇಸಿನಲ್ಲಿ ಇಡುತ್ತೇನೆ ಎಂದು. "ಒಂದು ಎ ಕೊಟ್ಟರೆ ಉಳಿದ ಇಪ್ಪತ್ತೈದಕ್ಕೆ ಬಾಯಿ ಹೋಯಿತು. ನಾನು ಕೊಡೋದಿಲ್ಲ," ಎಂದರು. ಒಂದು ಅಚ್ಚನ್ನು ಅಂಗೈಯಲ್ಲಿಟ್ಟು, ನನ್ನ ಕಿರುಬೆರಳು ಹಿಡಿದು ಅದರ ಸಂದಿಯೊಳಗೆ ಇಡಿಸಿದರು. "ಕೊರೆಯುವವನು ಕಪ್ಪನ್ನು ಮುಟ್ಟೋದೇ ಇಲ್ಲ. ಅವನು ಕೊರೆಯೋದು ಇದನ್ನ. ಲುಖ್ತ್."

ಲುಖ್ತ್ ಎಂದರೆ ಗಾಳಿ.

ಅಂದಿನಿಂದ ವಾರಕ್ಕೆ ಮೂರು ಬೆಳಿಗ್ಗೆ ನಾನು ಅಲ್ಲಿ. ಅದಕ್ಕೆ ಕೆಲಸ ಎನ್ನುವಂತಿರಲಿಲ್ಲ, ಚೀಟಿಯಲ್ಲಿ ಬರೆದಿತ್ತಲ್ಲ. ನಾನು ಕಾಫಿ ಕುಡಿಯಲು ಹೋಗುತ್ತಿದ್ದೆ, ಕುಡಿಯುತ್ತ ಅಚ್ಚು ಒರೆಸುತ್ತಿದ್ದೆ, ಜೋಡಿಸುತ್ತಿದ್ದೆ, ಶಾಯಿ ಉರುಳೆ ಹೊಡೆಯುತ್ತಿದ್ದೆ. ಹಾಳೆ ಕಿರಿದು, ಹೆಸರು ದೊಡ್ಡದು, ಓದುವವನು ದೂರ. ಅದಕ್ಕೇ ಈ ಅಕ್ಷರಗಳು ಉಸಿರು ಬಿಗಿಹಿಡಿದು ಉದ್ದಕ್ಕೆ ನಿಲ್ಲುತ್ತವೆ ಎಂದು ಕಲಿತೆ. ತಿಂಗಳುಗಳಿಂದ ಡಬ್ಬಿಗಳ ಮೇಲೆ ಅಲೆಯುತ್ತಿದ್ದ ನನ್ನ ಕಣ್ಣಿಗೆ ಒಂದು ಮನೆ ಸಿಕ್ಕಿತ್ತು.

ಅಷ್ಟರಲ್ಲಿ ರಾಜ್ಯೋತ್ಸವ ಹತ್ತಿರ ಬಂತು. ನಮ್ಮದು ಪುಟ್ಟ ಕನ್ನಡ ಕೂಟ. ಎಲ್ಲರೂ ಒಂದು ಮನೆಯಲ್ಲಿ ಊಟಕ್ಕೆ ಕೂತರೆ ಎರಡು ಪಂಕ್ತಿ. ಆ ವರ್ಷ ಕೂಟದ ಹಿರಿಯರಾದ ಗೋಪಾಲಮೂರ್ತಿಗಳು ಒಂದು ಹಾಸ್ಯನಾಟಕ ಬರೆದಿದ್ದರು. ಹೆಣ್ಣು ನೋಡಲು ಬಂದು ಹೆಣ್ಣನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿ ಹೋಗುವ ಗಂಡಿನ ಕಡೆಯವರ ಕಥೆ. ಹೆಸರು 'ಭಾವಿ ಬೀಗರು'. ಪೋಸ್ಟರಿನ ಹೊಣೆಯನ್ನು ಮೋಹನನ ಸಹೋದ್ಯೋಗಿ ಪ್ರಸನ್ನ ತಾನೇ ಮುಂದಾಗಿ ಹೊತ್ತ. ಬೆಂಗಳೂರಿನ ಹುಡುಗ, ಅವನ ಕಂಪ್ಯೂಟರಿನಲ್ಲಿ ಕನ್ನಡ ಬರುತ್ತಿತ್ತು. ಆ ಕಾಲಕ್ಕೆ ಅದು ಮನೆಯಲ್ಲಿ ಆನೆ ಕಟ್ಟಿದಷ್ಟು ದೊಡ್ಡಸ್ತಿಕೆ.

ಮೂರ್ತಿಗಳ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಪ್ರಸನ್ನ ಜೆರಾಕ್ಸ್ ಮಾಡಿಸಿದ ಪೋಸ್ಟರುಗಳ ಸುರುಳಿ ಬಿಚ್ಚಿದ. ಮೈಸೂರಿನಿಂದ ಬಂದಿದ್ದ ಮೂರ್ತಿಗಳ ಅತ್ತೆ ಸೀತಮ್ಮನವರು ಸೋಫಾದಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "ಬಾವಿ ಬೀಗರು." ಮತ್ತೆ ಓದಿದರು. "ಬಾವಿಗೆ ಬೀಗ ಯಾಕಪ್ಪಾ ಹಾಕ್ತಾರೆ ಈ ಊರಲ್ಲಿ? ನೀರಿನ ಕಳ್ಳರಿದಾರಾ?"

ಎಲ್ಲರೂ ಬಗ್ಗಿ ನೋಡಿದೆವು. ಹೌದು, ಬಾವಿಯೇ. ಕಾರಣ ನನಗೆ ತಕ್ಷಣ ಕಂಡಿತು. ಪ್ರಸನ್ನ ಅಕ್ಷರಗಳನ್ನು ಉದ್ದ ಮಾಡಲೆಂದು ಎರಡೂ ಕಡೆಯಿಂದ ಅದುಮಿದ್ದ. ಅದುಮಿದಾಗ ನಿಂತ ಗೀಟುಗಳು ಸೊರಗಿ, ಮಲಗಿದ ಗೀಟುಗಳು ಕೊಬ್ಬಿದ್ದವು. ಸಾಲದೆಂದು ಮೇಲೆ ಬೋಲ್ಡ್ ಬೇರೆ ಒತ್ತಿದ್ದ. ಭಕಾರವೆಂದರೆ ಏನು? ಬಕಾರದ ತಳವನ್ನು ಸೀಳಿ, ಆ ಸೀಳಿನೊಳಗೆ ಒಂದು ಪುಟ್ಟ ಕಡ್ಡಿ ಇಳಿಬಿಟ್ಟದ್ದು. ಸೀಳು ಶಾಯಿಯಲ್ಲಿ ಮುಚ್ಚಿಹೋಗಿ, ಕಡ್ಡಿ ಅದರಲ್ಲೇ ಹೂತುಹೋಗಿತ್ತು.

ಇದು ನನಗೆ ಹೊಸದಲ್ಲ. ನಾನು ಬೆಳೆದ ದಾವಣಗೆರೆಯಲ್ಲಿ ನಾಟಕ ಕಂಪನಿಗಳ ಪೋಸ್ಟರುಗಳನ್ನು ಮೈದಾ ಅಂಟಿನಲ್ಲಿ ಗೋಡೆಗೆ ಮೆತ್ತುತ್ತಿದ್ದರು. ಅಂಟಿನ ವಾಸನೆಗೆ ಆಡುಗಳು ಬಂದು ಕತ್ತು ಎಟಕುವಷ್ಟು ಮೇಲಿನವರೆಗೆ ತಿಂದುಹಾಕುತ್ತಿದ್ದವು. ಅಕ್ಷರಗಳ ಮೇಲರ್ಧ ಮಾತ್ರ ಉಳಿಯುತ್ತಿತ್ತು. ಒತ್ತಕ್ಷರಗಳೆಂಬ ನೆಲಮಾಳಿಗೆಯೆಲ್ಲ ಮೊದಲು ಆಡಿನ ಹೊಟ್ಟೆಗೆ, ಆಮೇಲೆ ಭಕಾರ ಧಕಾರಗಳ ಸೀಳು. ಮಹಾಪ್ರಾಣಗಳನ್ನೆಲ್ಲ ಮೇದು ಅಲ್ಪಪ್ರಾಣ ಮಾಡಿ ಬಿಡುತ್ತಿದ್ದವು ನಮ್ಮೂರ ಆಡುಗಳು. ನಾನೂ ನನ್ನ ತಂಗಿಯೂ ಶಾಲೆಗೆ ಹೋಗುವ ದಾರಿಯಲ್ಲಿ ಉಳಿದರ್ಧವನ್ನು ಓದಿ ಪೂರ್ತಿ ಹೆಸರು ಊಹಿಸುವ ಆಟ ಆಡುತ್ತಿದ್ದೆವು. ಅಷ್ಟೆತ್ತರದ ಅಕ್ಷರಗಳನ್ನು ಬರೆದವರು ಯಾರೆಂದು ನಾವು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಪ್ರಸನ್ನನ ಮುಖ ಚಿಕ್ಕದಾಗಿತ್ತು. "ಶಶಿ ಅಕ್ಕಾ, ಬೋಲ್ಡ್ ಬಟನ್ ಇರೋದೇ ಒತ್ತಕ್ಕೆ ಅಲ್ವಾ?"

ಅವನ ಪೆಚ್ಚು ಮೋರೆ ನೋಡಲಾರದೆ ನನ್ನ ಬಾಯಿಂದ ಹೊರಟುಬಿಟ್ಟಿತು: "ನಾನು ಮರದಲ್ಲಿ ಮಾಡಿಸ್ತೀನಿ. ಹತ್ತು ದಿನ ಕೊಡಿ."

ಮೋಹನ ನನ್ನನ್ನೇ ನೋಡಿದರು. ಮರದಲ್ಲಿ ಒಂದು ಅಕ್ಷರವನ್ನೂ ನಾನು ಅಲ್ಲಿಯವರೆಗೆ ಕೊರೆದಿರಲಿಲ್ಲ.

ಆರಿ ಎಲ್ಲ ಕೇಳಿದರು. ಕಾಗದದ ಮೇಲೆ ಬ ಬರೆದು ತೋರಿಸಿದೆ, ಪಕ್ಕದಲ್ಲಿ ಭ ಬರೆದೆ. "ಇದಾದರೆ ನೀರಿನ ಬಾವಿ. ಇದಾದರೆ ಮುಂದೆ ಬರೋದು, ಭವಿಷ್ಯ."

ಅವರು ಕನ್ನಡಕವನ್ನು ಹಣೆಗೇರಿಸಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. "ಅಂದರೆ ಬಾವಿಗೂ ಭವಿಷ್ಯಕ್ಕೂ ನಡುವೆ ಇರೋದು ಇಷ್ಟೇ ಇಷ್ಟು ಗಾಳಿಯಾ?"

"ಇಷ್ಟೇ."

ಅವರು ಎದ್ದು ಸೆಳೆಖಾನೆಯೊಂದನ್ನು ಎಳೆದು ಏಳು ಅಚ್ಚು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಎರಡು ಕ್ಯೂ, ಎರಡು ಎಕ್ಸ್, ಮೂರು ವೈ. "ನಮ್ಮ ಭಾಷೆಗೆ ಇವು ಹೆಚ್ಚು ಬೇಕಾಗೋದಿಲ್ಲ. ನಮ್ಮಪ್ಪನ ಕಾಲದಿಂದ ಮಲಗಿಯೇ ಇವೆ," ಎಂದು ಒಂದೊಂದನ್ನೇ ಮಗುಚಿದರು. ಬೆನ್ನು ನುಣುಪಾಗಿ, ಖಾಲಿಯಾಗಿತ್ತು. "ಈ ಕಡೆ ನಿಮ್ಮದು ಕೊರೀರಿ."

ಒಂದು ಎ ಕೊಡದ ಮನುಷ್ಯ. ನಾನು ಒಂದು ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.

ಭಾ, ವಿ, ಬಿ, ಅದರ ದೀರ್ಘ, ಗ, ರು. ಆರು ತುಂಡು. ಅದೃಷ್ಟಕ್ಕೆ ಒಂದೂ ಒತ್ತಕ್ಷರವಿಲ್ಲ; ಮೂರ್ತಿಗಳು ನಾಟಕಕ್ಕೆ 'ಸ್ವಯಂವರ ಭ್ರಾಂತಿ' ಎಂದು ಹೆಸರಿಟ್ಟಿದ್ದರೆ ನಾನು ಮೊದಲ ವಿಮಾನಕ್ಕೆ ಊರಿಗೆ ಓಡುತ್ತಿದ್ದೆ. ಬರೆಯಲು ಕೂತಾಗ ಇನ್ನೊಂದು ತಿಳಿಯಿತು. ಆ ಎಚ್, ಆ ಆರ್, ಅವೆಲ್ಲ ಹುಟ್ಟಾ ಕಂಬಗಳು, ನಿಲ್ಲು ಎಂದರೆ ನಿಲ್ಲುತ್ತವೆ. ನಮ್ಮವು ಹುಟ್ಟಾ ಗುಂಡು. ಗ ಒಂದು ಕೊಡೆ, ವ ಒಂದು ತಂಬಿಗೆ, ರ ಅಂತೂ ಪೂರ್ತಿ ಬಳೆ. ಬಳೆಯನ್ನು ಉದ್ದಕ್ಕೆ ಎಳೆದರೆ ಅದು ಬಳೆಯಾಗಿ ಉಳಿಯುತ್ತದೆಯೇ? ಎರಡು ದಿನ ಬರೆದು ಹರಿದೆ. ಮೂರನೆಯ ದಿನ ಅಡುಗೆಮನೆಯಲ್ಲಿ ಉದ್ದಿನ ಹಿಟ್ಟು ಕೈಯಲ್ಲಿ ಹಿಡಿದಾಗ ಹೊಳೆಯಿತು, ಇಡೀ ಗುಂಡನ್ನು ಹಿಚುಕಬಾರದು. ಪಕ್ಕೆಗಳನ್ನು ಮಾತ್ರ ನೇರ ಮಾಡಿ ತಲೆ ಬುಡಗಳನ್ನು ದುಂಡಗೇ ಬಿಡಬೇಕು. ಹಾಗೆ ಬರೆದೆ. ರ ಎದ್ದು ನಿಂತಿತು. ನಿಂತರೂ ರ ಆಗಿಯೇ ಇತ್ತು. ಹಿಟ್ಟಿನ ಕೈಯಲ್ಲೇ ಮೋಹನನ ಆಫೀಸಿಗೆ ಫೋನ್ ಮಾಡಿ, "ರೀ, ರ ನಿಂತ್ಕೊಳ್ತು!" ಎಂದೆ. ಅವರು ದನಿ ತಗ್ಗಿಸಿ, "ಮೀಟಿಂಗಲ್ಲಿದೀನಿ. ಸಂತೋಷ," ಎಂದು ಇಟ್ಟರು.

ಕೊರೆಯುವುದನ್ನು ಸುಲಭದವುಗಳಿಂದ ಶುರುಮಾಡಿದೆ. ಗ ಬಂತು, ವಿ ಬಂತು, ದೀರ್ಘ ಬಂತು. ಪೇರ್ ಹಣ್ಣಿನ ಮರದ ಆ ಹಳೆಯ ಗಟ್ಟಿಗೆ ಉಳಿ ಕೂರಿಸಿದರೆ ಬೆಣ್ಣೆಯೂ ಅಲ್ಲ, ಕಲ್ಲೂ ಅಲ್ಲ, ಚೆನ್ನಾಗಿ ಹದವಾದ ಬೆಲ್ಲದ ಪಾಕದ ಅಚ್ಚಿನ ಹಾಗೆ ಸಿಕ್ಕುತ್ತಿತ್ತು. ಭಾ ಕೊನೆಗೆ. ಕ್ಯೂನ ಬೆನ್ನಿನ ಮೇಲೆ ಅಕ್ಷರವನ್ನು ತಿರುಗುಮುರುಗಾಗಿ ಬರೆದುಕೊಂಡು, ಇಡೀ ಬೆಳಿಗ್ಗೆ ಕೊರೆದು, ಕೊನೆಗೆ ಸೀಳಿಗೆ ಬಂದೆ. ಸೀಳಿನೊಳಗೆ ಕಡ್ಡಿ, ಕಡ್ಡಿಯ ಎರಡೂ ಬದಿಗೆ ಕೂದಲಿನಷ್ಟು ಗಾಳಿ. ಉಸಿರು ಬಿಗಿಹಿಡಿದು ಉಳಿ ತಳ್ಳಿದೆ. ಅದು ಜಾರಿತು. ಕಡ್ಡಿ ಟಪ್ಪನೆ ಹಾರಿ, ಅದರ ಜೊತೆ ಅಕ್ಷರದ ಅರ್ಧ ತಳವೂ ಎದ್ದುಬಂತು.

ನೂರು ವರ್ಷದ ಕ್ಯೂ. ಅವರಪ್ಪ ಮುಟ್ಟಿದ್ದು. ನಾನು ಉಳಿಯನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಬೆಂಗಳೂರು ಬಿಟ್ಟಾಗಲೂ ಬರದ ನೀರು.

ಆರಿ ಬಂದು ನೋಡಿದರು. ಒಡೆದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಎರಡನೆಯ ಕ್ಯೂ ತಂದು ನನ್ನ ಮುಂದಿಟ್ಟರು. ಅದೇ ಕೊನೆಯದು.

"ಒಂದು ಹೇಳಿ ಮೆಫ್ರೌ. ಓದುವವನಿಗೆ ಬೇಕಾಗಿರೋದು ಈ ಕಡ್ಡಿಯಾ, ಇದರ ಪಕ್ಕದ ಗಾಳಿಯಾ?"

"ಎರಡೂ ಬೇಕು. ಹಾಗೆ ಬರೆಯೋದು. ಶಾಲೇಲಿ ಹಾಗೇ ಕಲಿಸಿದ್ದು."

"ಶಾಲೆಯಲ್ಲಿ ಪೆನ್ಸಿಲ್ಲು. ಇಲ್ಲಿ ಮರ."

ಆ ಪ್ರಶ್ನೆಯನ್ನು ಹೊತ್ತುಕೊಂಡು ಎರಡು ದಿನ ತಿರುಗಿದೆ. ಪಲ್ಲವಿಯ ಕಾಪಿಪುಸ್ತಕದಲ್ಲಿ, ಉಪ್ಪಿನ ಡಬ್ಬಿಯ ಹಿಂದೆ, ಕಿಟಕಿಯ ಮಂಜಿನ ಮೇಲೆ ಭ ಬರೆದು ಬರೆದು ನೋಡಿದೆ. ಕಡ್ಡಿ ತೆಗೆದು ಬರೀ ಸೀಳು ಬಿಟ್ಟರೆ? ಕೆಳಗೆ ಅಗಲವಾಗಿ, ಮೇಲೆ ಹೋಗುತ್ತ ಚೂಪಾಗುವ, ಒಂದೇ ಒಂದು ಧೈರ್ಯದ ಸೀಳು. ಕಡ್ಡಿಯಿಲ್ಲದ ಭಕಾರ ಬರೆದರೆ ನಮ್ಮ ಲಾಡು ಮೇಷ್ಟರು ಅಂಗೈ ಮೇಲೆ ಬರೆ ಎಳೆಯುತ್ತಿದ್ದರು. ಆದರೆ ದೂರದಿಂದ ನೋಡಿದಾಗ ಕಣ್ಣು ಮೊದಲು ಹುಡುಕುವುದು ಆ ಬೆಳಕನ್ನೇ ಅಲ್ಲವೇ?

ಮೂರನೆಯ ದಿನ ಹೋಗಿ ಕೊರೆದೆ. ಮರದ ಮೇಲೆ ಸೀಳು ವಿಪರೀತ ದೊಡ್ಡದಾಗಿ ಕಾಣುತ್ತಿತ್ತು, ಹಲ್ಲುಬಿದ್ದ ಬಾಯಿಯ ಹಾಗೆ. "ಹೆಚ್ಚಾಯಿತು," ಎಂದೆ. "ಶಾಯಿ ಅರ್ಧ ತಿನ್ನುತ್ತೆ, ಬಿಡಿ," ಎಂದರು ಆರಿ. ಆರೂ ತುಂಡುಗಳನ್ನು ಚೌಕಟ್ಟಿಗೆ ಬಿಗಿದು, ಕೆಳಗೆ ಸ್ಥಳ, ದಿನಗಳನ್ನು ತಮ್ಮ ಪುಟ್ಟ ಅಚ್ಚುಗಳಲ್ಲಿ ಡಚ್ಚಿನಲ್ಲಿ ಜೋಡಿಸಿದರು. ಉರುಳೆ ಹೊಡೆದೆ. ಅವರು ಅಚ್ಚುಯಂತ್ರದ ಹಿಡಿ ತಿರುಗಿಸಿದರು. ಹಾಳೆಯ ಒಂದು ಮೂಲೆ ಅವರು ಹಿಡಿದು, ಇನ್ನೊಂದು ಮೂಲೆ ನಾನು ಹಿಡಿದು, ಮೆಲ್ಲಗೆ ಎತ್ತಿದೆವು.

ಭಾವಿ ಬೀಗರು.

ನನಗೆ ನನ್ನದನ್ನು ನಾನೇ ಹೊಗಳಿಕೊಳ್ಳಬಾರದೆಂಬ ಸಂಸ್ಕಾರವಿದೆ. ಆದರೂ ಹೇಳಿಬಿಡುತ್ತೇನೆ, ಆ ರ ಇತ್ತಲ್ಲ, ಅದು ಮದುವೆ ಮನೆಯ ಬಾಗಿಲಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತ ಬೀಗರ ಹಾಗೆಯೇ ಇತ್ತು. ಸೀಳು ಅರ್ಧಕ್ಕರ್ಧ ಕಿರಿದಾಗಿ, ಸರಿಯಾಗಿ ಎಷ್ಟು ಬೇಕೋ ಅಷ್ಟು ಉಳಿದಿತ್ತು.

ಹಾಳೆಯನ್ನು ಮನೆಗೆ ತಂದು ತೋರಿಸಿದೆ. ಮೋಹನ "ಭಾವಿ ಬೀಗರು" ಎಂದು ಓದಿದರು. ಪ್ರಸನ್ನ ಓದಿದ. ಸೀತಮ್ಮನವರೂ ಓದಿ, "ಈಗ ಸರಿಹೋಯ್ತು ನೋಡು, ಬೀಗ ತೆಗೆದ್ರಿ," ಎಂದರು. ಖುಷಿಯಿಂದ ಆರಿಗೆ ವರದಿ ಒಪ್ಪಿಸಿದರೆ ಅವರು ತಲೆಯಾಡಿಸಿದರು. "ಅವರಿಗೆಲ್ಲ ನಾಟಕದ ಹೆಸರು ಮೊದಲೇ ಗೊತ್ತಿತ್ತು. ಗೊತ್ತಿರೋರು ಓದೋದಿಲ್ಲ ಮೆಫ್ರೌ, ನೆನಪಿಸಿಕೊಳ್ತಾರೆ."

ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ನಿಜವೇ. ಆ ಊರಿನ ಸುತ್ತ ಕನ್ನಡ ಬಲ್ಲವರೆಲ್ಲ ನಮ್ಮ ಕೂಟದವರು, ಕೂಟದವರಿಗೆಲ್ಲ ಹೆಸರು ಬಾಯಿಪಾಠ. ಕಡ್ಡಿ ಕಿತ್ತ ನನ್ನ ಭಕಾರ ಭಕಾರ ಹೌದೋ ಅಲ್ಲವೋ ಎಂದು ಹೇಳಬಲ್ಲ ಒಬ್ಬ ಮನುಷ್ಯನೂ ನನಗೆ ಉಳಿದಿರಲಿಲ್ಲ. ಆದರೂ ನಲವತ್ತು ಹಾಳೆ ಹೊಡೆದೆವು. ಪ್ರಸನ್ನ ತಾನೇ ಸೈಕಲ್ ಹತ್ತಿ ಎಲ್ಲ ಕಡೆ ಅಂಟಿಸಿ ಬಂದ. ನಾವು ಕೊತ್ತಂಬರಿ, ಹಸಿಮೆಣಸಿನಕಾಯಿ ತರುತ್ತಿದ್ದ ರೈಸ್‌ವೈಕಿನ ಸುರಿನಾಮ್ ದೇಶದ ಅಂಗಡಿಯವರು ತಮ್ಮ ಗಾಜಿನ ಕಿಟಕಿಯ ತುಂಬ ಒಂದನ್ನು ಹಾಕಿಕೊಂಡರು.

ನಾಟಕದ ಸಂಜೆ ಆರಿ ಟೈ ಕಟ್ಟಿಕೊಂಡು ಬಂದರು. ಎರಡು ಗಂಟೆ ಒಂದು ಮಾತೂ ಅರ್ಥವಾಗದ ನಾಟಕವನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದರು. ಎಲ್ಲರೂ ನಕ್ಕ ಮೇಲೆ ಒಂದು ಕ್ಷಣ ತಡವಾಗಿ ತಾವೂ ನಗುತ್ತಿದ್ದರು. ಮುಗಿದ ಮೇಲೆ ಸೀತಮ್ಮನವರು ಅವರ ಕೈಗೆ ಮೈಸೂರು ಪಾಕಿನ ತಟ್ಟೆ ಕೊಟ್ಟು, ಕನ್ನಡದಲ್ಲೇ, "ಇನ್ನೊಂದು ತಗೊಳಿ, ಎಷ್ಟು ಸೊರಗಿದೀರಿ," ಎಂದು ಉಪಚಾರ ಮಾಡಿದರು.

ಆಗ ಬಾಗಿಲ ಹತ್ತಿರ ಒಬ್ಬ ಗುರುತಿಲ್ಲದ ಯುವಕ ಕಂಡ. ದಪ್ಪ ಜಾಕೆಟ್ಟು, ಕೈಯಲ್ಲಿ ಉಣ್ಣೆಯ ಟೋಪಿ. ಯಾರ ನೆಂಟನೋ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನು ಹೋಗಿ ಮಾತಾಡಿಸಿದೆ.

"ನಾ ಬಸವರಾಜ ರೀ. ಬಾಗಲಕೋಟಿ ಕಡಿಯಾಂವ. ಡೆಲ್ಫ್ಟ್‌ನ್ಯಾಗ ರಿಸರ್ಚ್ ಮಾಡಾಕತ್ತೀನಿ. ಕರೀದಽ ಬಂದೀನಿ, ತಪ್ಪು ತಿಳ್ಕೋಬ್ಯಾಡ್ರಿ."

"ಅಯ್ಯೋ, ತಪ್ಪೇನು? ನಿಮಗೆ ಹೇಳಿದ್ದು ಯಾರು?"

"ಯಾರೂ ಹೇಳಿಲ್ರೀ. ಇಲ್ಲಿ ಕನ್ನಡದವರು ಅದಾರಂತ ನನಗ ಗೊತ್ತಽ ಇರಲಿಲ್ಲ. ಮೊನ್ನೆ ಟ್ರಾಮಿನ್ಯಾಗ ಹೇಗ್ ಊರಿಗೆ ಹೊಂಟಿದ್ದೆ. ಕಿಟಕ್ಯಾಗಿಂದ ಹಂಗ ನೋಡ್ತೀನಿ, ಒಂದು ಅಂಗಡಿ ಗಾಜಿನ ಮ್ಯಾಲ ಕನ್ನಡ! ತಲಿ ಕೆಟ್ಟತೇನೋ ಅನ್ಕೊಂಡೆ. ಮುಂದಿನ ಸ್ಟಾಪಿಗೆ ಇಳಿದು ಹೊಳ್ಳಿ ನಡಕೋತ ಬಂದೆ. ಗಾಳಿ ಅಂದ್ರ ಗಾಳಿ. ಅಂಗಡಿ ಮುಂದ ನಿಂತು ನಾಲ್ಕು ಸಲ ಗಟ್ಟಿಯಾಗಿ ಓದಿದೆ ರೀ. ಅಂಗಡಿಯಾಂವ ಹೊರಗ ಬಂದು ಏನಾತು ಅಂತ ಕೇಳಿದ." ಅವನು ಟೋಪಿಯನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದ. "ಎಂಟು ತಿಂಗಳಾತ್ರೀ ನಾ ಬಂದು. ಅವ್ವನ ಕೂಡ ಫೋನಿನ್ಯಾಗ ಬಿಟ್ರ, ಮಾರಿ ನೋಡಿ ಒಬ್ಬರ ಕೂಡ ಕನ್ನಡ ಮಾತಾಡಿಲ್ಲ. ಇವತ್ತಽ ಮೊದಲು."

ನಾನು ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು, ಕೇಳಲು ಹೆದರಿಕೆ. "ಏನು ಅಂತ ಓದಿದ್ರಿ?"

"ಏನಂದ್ರ? ಭಾವಿ ಬೀಗರು ಅಂತ." ಮಹಾಪ್ರಾಣವನ್ನು ಹೊಟ್ಟೆಯಿಂದ ಎಳೆದು, ತುಂಬುಬಾಯಿಯಲ್ಲಿ ಹೇಳಿದ. "ಅದರಾಗೇನು ಸಂಶಯ?"

ಆರಿ ಮೈಸೂರು ಪಾಕಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಅವರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ, ಎಂಟು ತಿಂಗಳಿನದನ್ನು, ಗಾಳಿಯಲ್ಲಿ ಹಿಂದಕ್ಕೆ ನಡೆದು ಬಂದದ್ದನ್ನು, ನಾಲ್ಕು ಸಲ ಓದಿದ್ದನ್ನು. ಅವರು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಬಸವರಾಜನ ಕಡೆ ತಿರುಗಿ, ಅವನಿಗಿಂತ ಒಂದು ಮೊಳ ಎತ್ತರದಿಂದ ಬಾಗಿ, ಒಂದೇ ಒಂದು ಪ್ರಶ್ನೆ ಕೇಳಿದರು.

"ಮೊದಲ ಸಲ ಓದಿದಾಗ ಟ್ರಾಮ್ ನಿಂತಿತ್ತಾ, ಓಡ್ತಾ ಇತ್ತಾ?"

ಬಸವರಾಜ ನನ್ನ ಮುಖ ನೋಡಿದ, ಇದೇನು ಪ್ರಶ್ನೆ ಎನ್ನುವಂತೆ. ಆಮೇಲೆ ಅವರಿಗೇ ಇಂಗ್ಲಿಷಿನಲ್ಲಿ ಉತ್ತರ ಹೇಳಿದ. "ಓಡುತ್ತಿತ್ತು ಸರ್. ಜೋರಾಗಿ."

ಆರಿ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬೆರಳುಗಳ ತುಪ್ಪವನ್ನು ಕರವಸ್ತ್ರದಲ್ಲಿ ಒಂದೊಂದಾಗಿ ಒರೆಸಿಕೊಂಡು, ನನ್ನ ಕೈ ಕುಲುಕಿದರು.

"ಹಾಗಾದರೆ ಅಕ್ಷರ ಸರಿಯಾಗಿದೆ," ಎಂದರು.